ತಮ್ಮನ ಕಿವಿಗೆ ಹೇಳಿದ ಸಿನಿಮಾ

ಕೇಳುಗರಿಗೆ ನಮಸ್ಕಾರ.

ನನ್ನ ತಮ್ಮನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆದರೆ ಸಿನಿಮಾ ಅಂದರೆ ಪ್ರಾಣ. ನಾವು ಚಿತ್ರದುರ್ಗದವರು. ಹಾಗಾಗಿ ನಮ್ಮ ಮನೆಯಲ್ಲಿ ‘ನಾಗರಹಾವು’ ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ. ತಳುಕಿನ ತ.ರಾ.ಸು. ಅವರ ಕಥೆ, ಪುಟ್ಟಣ್ಣ ಕಣಗಾಲರ ನಿರ್ದೇಶನ, 1972ರ ಚಿತ್ರ. ಅದರಲ್ಲಿ ಕಾಣುವುದು ನಮ್ಮದೇ ಕೋಟೆ, ನಮ್ಮದೇ ಬಂಡೆಗಳು.

ಒಂದು ಸಲ ಅವನನ್ನು ಕೋಟೆಗೆ ಕರೆದುಕೊಂಡು ಹೋದೆ. ಓಬವ್ವನ ಕಿಂಡಿಯ ಹತ್ತಿರ ಬಂಡೆಯನ್ನು ಸವರುತ್ತಾ ನಿಂತ. ಆಮೇಲೆ ಬಗ್ಗಿದ. ಮೊದಲು ತಲೆ ತೂರಿಸಿದ, ಆಮೇಲೆ ಒಂದು ಭುಜ, ಆಮೇಲೆ ಇನ್ನೊಂದು. ಒಳಗಿನಿಂದಲೇ ಕೂಗಿದ, ‘ಅಕ್ಕಾ, ಇಷ್ಟೇನಾ? ಹಂಗಾದ್ರೆ ಒಬ್ಬೊಬ್ರೇ ಬರಬೇಕಿತ್ತು. ಅದಕ್ಕೇ ಒಂದು ಒನಕೆ ಸಾಕಾಯ್ತು!’

ಅವತ್ತು ರಾತ್ರಿ ಮತ್ತೆ ಸಿನಿಮಾ ಹಾಕಿದೆವು. ಓಬವ್ವನ ಹಾಡು ಬಂದಾಗ ನಾನು ಬಾಯಿ ಬಿಡಬೇಕಾಗಿಯೇ ಬರಲಿಲ್ಲ. ಪಿ.ಬಿ. ಶ್ರೀನಿವಾಸ್ ಅವರ ದನಿಯೇ ಕಥೆಯನ್ನು ಹೇಳಿಕೊಂಡು ಹೋಗುತ್ತದೆ. ತೊಂದರೆಯಾಗಿದ್ದು ಕೊನೆಯಲ್ಲಿ. ಬೆಟ್ಟದ ಮೇಲೆ ಚಾಮಯ್ಯ ಮೇಷ್ಟ್ರು, ರಾಮಾಚಾರಿ, ಮಾರ್ಗರೆಟ್. ನಾನು ‘ರಾಮಾಚಾರಿಗೆ ಸಿಟ್ಟು ಬಂದಿದೆ’ ಅಂದೆ. ತಮ್ಮ ನನ್ನ ಕೈ ಹಿಡಿದು ತಡೆದ. ‘ಸಿಟ್ಟು ದನಿಯಲ್ಲೇ ಗೊತ್ತಾಗುತ್ತೆ ಅಕ್ಕ. ಮೇಷ್ಟ್ರು ಎಲ್ಲಿ ನಿಂತಿದಾರೆ? ಅಂಚಿಗೆ ಎಷ್ಟು ಹತ್ತಿರ? ಅದನ್ನ ಹೇಳು.’

ಈ ಕೆಲಸಕ್ಕೆ ಆಡಿಯೊ ಡಿಸ್ಕ್ರಿಪ್ಷನ್ ಅನ್ನುತ್ತಾರೆ. ಧ್ವನಿ ವಿವರಣೆ ಅಂತ ಕರೆಯೋಣ. ಮಾತು ನಿಂತ ಜಾಗದಲ್ಲಿ, ಮೂರು ನಾಲ್ಕು ಸೆಕೆಂಡಿನ ಬಿಡುವಿನಲ್ಲಿ, ಪರದೆಯ ಮೇಲೆ ಏನು ಕಾಣುತ್ತಿದೆ ಅಂತ ಒಂದು ದನಿ ಹೇಳುತ್ತದೆ. ಕಂಡದ್ದನ್ನು ಹೇಳಬೇಕು, ಅರ್ಥವನ್ನು ಕೇಳುವವರಿಗೇ ಬಿಡಬೇಕು. ನನ್ನ ತಮ್ಮ ಕಲಿಸಿದ್ದೂ ಅದನ್ನೇ ಅಲ್ವಾ? ನಮಗೆ ಇದು ಹೊಸದೇನಲ್ಲ. ಹಿಂದೆ ಇದೇ ಬಾನುಲಿಯಲ್ಲಿ ಸಿನಿಮಾದ ಧ್ವನಿಯನ್ನಷ್ಟೇ ಬಿತ್ತರಿಸುತ್ತಿದ್ದರು, ಮನೆಮಂದಿಯೆಲ್ಲ ಸುತ್ತ ಕೂತು ಕೇಳುತ್ತಿದ್ದರು. ಕ್ರಿಕೆಟ್ ಕಾಮೆಂಟರಿ ಕೇಳುತ್ತಾ ಚೆಂಡು ಬೌಂಡರಿ ದಾಟಿದ್ದನ್ನು ‘ನೋಡಿದವರು’ ನಾವೆಲ್ಲ.

ಥಿಯೇಟರಿನಲ್ಲಿ ಮಾತ್ರ ಇದು ಆಗಲಿಲ್ಲ. ಒಮ್ಮೆ ದಾವಣಗೆರೆಗೆ ಹೋಗಿ ಹೊಸ ಚಿತ್ರಕ್ಕೆ ಕೂತೆವು. ನಾನು ಮೆಲ್ಲಗೆ ಅವನ ಕಿವಿಯಲ್ಲಿ ಹೇಳುತ್ತಿದ್ದೆ. ಮುಂದಿನ ಸಾಲಿನವರು ತಿರುಗಿ, ‘ಮಾತಾಡೋದಾದ್ರೆ ಹೊರಗೆ ಹೋಗಿ’ ಅಂದರು. ಅವರದೂ ತಪ್ಪಲ್ಲ, ಅವರೂ ದುಡ್ಡು ಕೊಟ್ಟು ಬಂದವರು. ಇಂಟರ್‌ವಲ್ ಆದಮೇಲೆ ತಮ್ಮ ‘ಬೇಡ ಬಿಡಕ್ಕ’ ಅಂದ. ಉಳಿದ ಒಂದೂಕಾಲು ಗಂಟೆ ಸುಮ್ನೆ ಕೂತ. ಇಡೀ ಹಾಲ್ ನಗುವಾಗ ಅವನ ಮುಖ ನನ್ನ ಕಡೆ ತಿರುಗುತ್ತಿತ್ತು.

ಇದಕ್ಕೆ ದಾರಿ ಇದೆ, ಅದಕ್ಕೇ ನನಗೆ ಸಂಕಟ ಜಾಸ್ತಿ. ಫೋನಿನಲ್ಲಿ ಒಂದು ಆ್ಯಪ್ ಇರುತ್ತದೆ. ವಿವರಣೆಯ ಧ್ವನಿಯನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಬೇಕು. ಥಿಯೇಟರಿನಲ್ಲಿ ಫೋನಿನ ಮೈಕು ಸಿನಿಮಾದ ಸದ್ದನ್ನು ಕೇಳಿಸಿಕೊಂಡು, ಈಗ ಯಾವ ದೃಶ್ಯ ಅಂತ ತಾನೇ ಹೊಂದಿಸಿಕೊಳ್ಳುತ್ತದೆ. ವಿವರಣೆ ಇಯರ್‌ಫೋನಿನಲ್ಲಿ ಬರುತ್ತದೆ. ಪಕ್ಕದವರಿಗೆ ಒಂದು ಚೂರೂ ತೊಂದರೆ ಇಲ್ಲ. ಕಿವಿ ಕೇಳದವರಿಗೆ ಪರದೆಯ ಕೆಳಗೆ ಕನ್ನಡದಲ್ಲೇ ಅಕ್ಷರ ಬರಬೇಕು. ಮಾತಷ್ಟೇ ಅಲ್ಲ, ‘ಬಾಗಿಲು ಕಿರ್ರೆಂದಿತು’, ‘ದೂರದಲ್ಲಿ ರೈಲಿನ ಕೂಗು’ ಅನ್ನುವುದೂ ಬರಬೇಕು.

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹಕ್ಕು ಅಂತಲೇ ಹೇಳುತ್ತದೆ. 2024ರ ಮಾರ್ಚ್ 15ರಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಥಿಯೇಟರಿನ ಚಿತ್ರಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಒಂದಕ್ಕಿಂತ ಜಾಸ್ತಿ ಭಾಷೆಯಲ್ಲಿ ಸರ್ಟಿಫಿಕೇಟ್ ಪಡೆಯುವ ಚಿತ್ರಗಳು ಮೊದಲು ಈ ಸೌಲಭ್ಯ ಕೊಡಬೇಕು ಅಂದಿತು. ಆದರೆ ಕನ್ನಡದಲ್ಲಿ ಮಾತ್ರ ಬರುವ ಸಣ್ಣ ಚಿತ್ರವೂ ನನ್ನ ತಮ್ಮನಿಗೆ ಬೇಕು.

ಇನ್ನು, ಪರದೆಯ ಮೇಲೆ ಅವನಂಥವರು ಹೇಗೆ ಕಾಣುತ್ತಾರೆ? ಹೆಚ್ಚಿನಂಶ ಎರಡೇ ಪಾತ್ರ: ಅಳಿಸುವುದಕ್ಕೆ ಕುರುಡಿ ತಂಗಿ, ನಗಿಸುವುದಕ್ಕೆ ಒಂದು ಕೇಳಿದರೆ ಇನ್ನೊಂದು ಹೇಳುವ ಕಿವುಡ. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್, ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ, ಈ ಬಗ್ಗೆ ಒಂದು ತೀರ್ಪು ಕೊಟ್ಟಿತು. ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅವರನ್ನು ಕೀಳಾಗಿಸುವ ಹಾಸ್ಯ ಬೇರೆ ಅಂತ ಬಿಡಿಸಿ ಹೇಳಿತು. ನಮ್ಮಲ್ಲಿ ಒಳ್ಳೆಯ ಮಾದರಿ ಇಲ್ಲ ಅಂತಲ್ಲ. ದಾವಣಗೆರೆಯ ರಂಗಭೂಮಿ ಮನೆತನದ ಚಿಂದೋಡಿ ಬಂಗಾರೇಶ್ ಅವರು ಗಾನಯೋಗಿ ಪಂಚಾಕ್ಷರ ಗವಾಯಿಗಳ ಮೇಲೆ ಸಿನಿಮಾ ಮಾಡಿದರು. ಅದರ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿ ಕಣ್ಣಿಲ್ಲದವರು ಗುರು. ಕಣ್ಣಿದ್ದವರು ಬಂದು ಅವರ ಕಾಲಿಗೆ ನಮಸ್ಕಾರ ಮಾಡುತ್ತಾರೆ. ನನ್ನ ತಮ್ಮ ಆ ಚಿತ್ರ ಕೇಳುವಾಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ.

ಒಂದು ಆಸೆ ಹೇಳುತ್ತೇನೆ. ದಾವಣಗೆರೆಯಲ್ಲಿ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಪ್ರಾದೇಶಿಕ ಕೇಂದ್ರ ಇದೆ. ಎರಡೂ ಜಿಲ್ಲೆಗಳಲ್ಲಿ ಕಾಲೇಜುಗಳಿವೆ, ಹವ್ಯಾಸಿ ನಾಟಕ ತಂಡಗಳಿವೆ. ಒಳ್ಳೆಯ ಕಂಠ ಇರುವವರಿಗೆ ನಮ್ಮಲ್ಲಿ ಬರವಿಲ್ಲ. ಎಲ್ಲರೂ ಕೂಡಿ ಒಂದು ಕನ್ನಡ ಚಿತ್ರಕ್ಕೆ ವಿವರಣೆ ಬರೆದು, ಅನುಮತಿ ಪಡೆದು, ಒಂದು ಬೆಳಗಿನ ಆಟ ಹಾಕಿದರೆ ಹೇಗೆ? ಬರೆಯುವಾಗ ಕಣ್ಣು ಕಾಣದವರು ಒಬ್ಬರಾದರೂ ಜೊತೆಗೆ ಕೂತಿರಲಿ. ಇಲ್ಲದಿದ್ದರೆ ನನ್ನ ಹಾಗೆ ಎಲ್ಲರೂ ‘ಸಿಟ್ಟು ಬಂದಿದೆ’ ಅಂತಲೇ ಬರೆಯುತ್ತಾರೆ.

ನಾನಂತೂ ಆ ಬೆಟ್ಟದ ದೃಶ್ಯದಿಂದಲೇ ಶುರು ಮಾಡಿದ್ದೇನೆ. ಮೇಷ್ಟ್ರು ನಿಂತ ಜಾಗವನ್ನು ನಾಲ್ಕು ಸೆಕೆಂಡಿನಲ್ಲಿ ಹೇಳಬೇಕು. ಆರು ಸಲ ಬರೆದೆ, ತಮ್ಮ ಇನ್ನೂ ಒಪ್ಪಿಲ್ಲ. ಈ ಭಾನುವಾರ ಮತ್ತೆ ಕೂರುತ್ತೇವೆ.

ನಮಸ್ಕಾರ.