ಕೊರಿಯಾದ ಗಡಿಯಲ್ಲಿ ಈ ಕಲ್ಲುಗಳ ಮುಖ ಯಾವ ಕಡೆಗೆ?

[ದೃಶ್ಯ: ಹುಲ್ಲಿನ ನಡುವೆ ತುಕ್ಕು ಹಿಡಿದ ಒಂದು ಫಲಕ]

ನಮಸ್ಕಾರ. ಈ ಫಲಕ ನೋಡಿ. ನೆಟ್ಟಾಗ ಇದಕ್ಕೆ ಹಳದಿ ಬಣ್ಣ ಇತ್ತು. ಉತ್ತರ ಕೊರಿಯಾ, ದಕ್ಷಿಣ ಕೊರಿಯಾ ನಡುವೆ ಇಂಥವು ಒಟ್ಟು 1,292 ನೆಟ್ಟಿದ್ದರು. 1953ರ ಜುಲೈ 27ರಂದು ಕೊರಿಯಾ ಯುದ್ಧಕ್ಕೆ ಕದನ ವಿರಾಮ ಆಯಿತಲ್ಲ, ಆಗ ಎಳೆದ ಗೆರೆಯ ಗುರುತು ಇದು. ಗೆರೆಯ ಮೇಲೆ ಬೇಲಿ ಹಾಕಲಿಲ್ಲ. ಫಲಕ ನೆಟ್ಟು, ಎರಡೂ ಸೇನೆಗಳು ಎರಡೆರಡು ಕಿಲೋಮೀಟರ್ ಹಿಂದೆ ಸರಿದವು. ನಡುವೆ ಉಳಿದ ಜಾಗವೇ ಗಡಿ ಪಟ್ಟಿ.

ದಕ್ಷಿಣದಿಂದ ನೋಡಿದರೆ ಫಲಕದ ಮೇಲೆ ಕೊರಿಯನ್ ಮತ್ತು ಇಂಗ್ಲಿಷ್. ಉತ್ತರದಿಂದ ನೋಡಿದರೆ ಕೊರಿಯನ್ ಮತ್ತು ಚೀನೀ. ಒಂದೇ ತಗಡು, ಎರಡು ಮುಖ. ಎರಡು ಕಡೆಯೂ ಇರುವ ಭಾಷೆ ಕೊರಿಯನ್ ಒಂದೇ. ಯುದ್ಧದಲ್ಲಿ ದಕ್ಷಿಣದ ಜೊತೆ ಅಮೆರಿಕ, ಉತ್ತರದ ಜೊತೆ ಚೀನಾ ನಿಂತಿದ್ದವು. ಜಗಳ ಯಾರ ಮನೆಯೊಳಗೆ ನಡೆಯಿತು, ಯಾರ್‍ಯಾರು ಹೊರಗಿನಿಂದ ಬಂದು ಸೇರಿಕೊಂಡರು ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಯುದ್ಧದ ನೆನಪಿನ ಕಲ್ಲು ಕಂಡರೆ ನಾವು ಅದರ ಮೇಲಿನ ಬರಹ ಓದುತ್ತೇವೆ. ಈ ಗಡಿಯಲ್ಲಿ ಮಾತ್ರ ಬರಹಕ್ಕಿಂತ ಮೊದಲು ಅದರ ಮುಖ ಯಾವ ಕಡೆಗಿದೆ ಅಂತ ನೋಡಬೇಕು.

[ದೃಶ್ಯ: ಹಂತಾನ್ ನದಿಯ ಮೇಲಿನ ಕಮಾನು ಸೇತುವೆ]

ಇದು ಚೊರ್ವಾನ್. ಇವತ್ತು ದಕ್ಷಿಣ ಕೊರಿಯಾದಲ್ಲಿದೆ. ಆದರೆ 1945ರಿಂದ ಯುದ್ಧ ಶುರುವಾಗುವವರೆಗೂ ಇದು ಉತ್ತರದವರ ಆಡಳಿತದಲ್ಲಿತ್ತು. ಊರು ಅಲ್ಲೇ ಇತ್ತು, ಗೆರೆ ಜಾಗ ಬದಲಿಸಿತು. ಉತ್ತರದ ಆಳುವ ಪಕ್ಷ 1946ರಲ್ಲಿ ಕಟ್ಟಿದ ಮೂರು ಮಹಡಿಯ ಕಚೇರಿ ಇಲ್ಲಿದೆ. ಗೋಡೆ ತುಂಬಾ ಗುಂಡಿನ ತೂತುಗಳು. ದಕ್ಷಿಣದ ಸರ್ಕಾರ ಅದನ್ನು ಕೆಡವಲಿಲ್ಲ. 2002ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಈ ಸೇತುವೆ. ಹೆಸರು ಸುಂಗ್-ಇಲ್ ಸೇತುವೆ. 1948ರಲ್ಲಿ ಉತ್ತರದವರು ಕೆಲಸ ಶುರು ಮಾಡಿದರು. ಯುದ್ಧ ಬಂತು, ಕೆಲಸ ನಿಂತಿತು. ಉಳಿದದ್ದನ್ನು ದಕ್ಷಿಣದವರು 1958ರಲ್ಲಿ ಮುಗಿಸಿದರು. ಹತ್ತಿರ ಹೋಗಿ ನೋಡಿ. ಒಂದು ಭಾಗದ ಕಂಬಗಳ ನಡುವಿನ ಆಕಾರ ದುಂಡಗಿದೆ, ಇನ್ನೊಂದು ಭಾಗದಲ್ಲಿ ಚೌಕ. ಕೈ ಬದಲಾದದ್ದು ಕಣ್ಣಿಗೆ ಕಾಣುತ್ತದೆ.

ಹೆಸರಿಗೂ ಎರಡು ಕತೆ. ಯುದ್ಧದಿಂದ ವಾಪಸ್ ಬರದ ಪಾರ್ಕ್ ಸುಂಗ್-ಇಲ್ ಅನ್ನುವ ಕರ್ನಲ್ ನೆನಪಿಗೆ ಈ ಹೆಸರು ಅನ್ನುತ್ತದೆ ಒಂದು ಕತೆ. ಜನರ ಬಾಯಲ್ಲಿ ಇನ್ನೊಂದಿದೆ. ದಕ್ಷಿಣದ ಆಗಿನ ಅಧ್ಯಕ್ಷ ಸಿಂಗ್‌ಮನ್ ರೀ ಹೆಸರನ್ನು ಕೊರಿಯನ್ನರು ‘ಸುಂಗ್-ಮಾನ್’ ಅನ್ನುತ್ತಾರೆ. ಅದರಿಂದ ‘ಸುಂಗ್’. ಉತ್ತರದ ಆಗಿನ ನಾಯಕ ಕಿಮ್ ಇಲ್-ಸುಂಗ್ ಹೆಸರಿನಿಂದ ‘ಇಲ್’. ಕರ್ನಲ್ ಕತೆಯೇ ಸರಿ ಅಂತ ಈಗ ಒಪ್ಪುತ್ತಾರೆ. ಆದರೂ ಜನ ಆ ಎರಡನೇ ಕತೆಯನ್ನು ಯಾಕೆ ಬಿಟ್ಟಿಲ್ಲ ಅಂತ ನನಗೆ ಅರ್ಥವಾಗುತ್ತದೆ. ಸೇತುವೆಯೇ ಹಾಗೆ ಕಟ್ಟಿದೆಯಲ್ಲ.

[ದೃಶ್ಯ: ತೂತುಬಿದ್ದ ಉಗಿಬಂಡಿ]

ಪಾಜು ಹತ್ತಿರದ ಇಮ್ಜಿನ್‌ಗಾಕ್‌ಗೆ ಬಂದರೆ ಈ ರೈಲು ಎಂಜಿನ್ ಸಿಗುತ್ತದೆ. 1950ರ ಡಿಸೆಂಬರ್ 31ರಂದು ಜಾಂಗ್ದಾನ್ ನಿಲ್ದಾಣದಲ್ಲಿ ಇದು ನಿಂತುಹೋಯಿತು. ಮೈಮೇಲೆ ಸಾವಿರಕ್ಕೂ ಜಾಸ್ತಿ ಗುಂಡಿನ ತೂತು. ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಗಡಿ ಪಟ್ಟಿಯೊಳಗೆ ಸುಮ್ನೆ ಬಿದ್ದಿತ್ತು. ಅದರ ಮೇಲೆ ಒಂದು ಹಿಪ್ಪುನೇರಳೆ ಗಿಡ ಬೆಳೆದುಬಿಟ್ಟಿತ್ತು! ಎಂಜಿನ್ ತಂದಾಗ ಆ ಗಿಡವನ್ನೂ ತಂದು ನೆಟ್ಟರು.

[ದೃಶ್ಯ: ಹಳೆಯ ಫೋಟೋ, ಭಾರತೀಯ ಸೈನಿಕರು]

ಈ ಗಡಿಗೆ ಕನ್ನಡ ನಾಡಿನ ನಂಟೂ ಇದೆ. ಯುದ್ಧ ನಿಂತ ಮೇಲೆ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು ತಮ್ಮ ದೇಶಕ್ಕೆ ಹಿಂದಿರುಗಲು ಒಪ್ಪಲಿಲ್ಲ. ಅವರ ವಿಚಾರ ನೋಡಿಕೊಂಡ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. ಆ ಕೈದಿಗಳನ್ನು ಕಾಯಲು ಹೋದ ನಮ್ಮ ಸೈನಿಕರು ದಕ್ಷಿಣದ ನೆಲದ ಮೇಲೆ ಕಾಲಿಡುವುದು ಬೇಡ ಅಂದಿದ್ದರು ಸಿಂಗ್‌ಮನ್ ರೀ. ಹಾಗಾಗಿ ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ನೇರವಾಗಿ ಗಡಿ ಪಟ್ಟಿಗೆ ಇಳಿಸಿದರು. ಅವರ ಶಿಬಿರದ ಹೆಸರು ಹಿಂದ್ ನಗರ. ತಿಮ್ಮಯ್ಯನವರ ಪ್ರತಿಮೆಯನ್ನು ದೆಹಲಿ ಕಂಟೋನ್ಮೆಂಟಿನ ಭಾರತ-ಕೊರಿಯಾ ಸ್ನೇಹ ಉದ್ಯಾನದಲ್ಲಿ ನೋಡಬಹುದು. 2021ರಲ್ಲಿ ತೆರೆದದ್ದು.

[ದೃಶ್ಯ: ಸಾಲು ಸಾಲು ಗಿಡ್ಡ ಕಲ್ಲುಗಳು]

ಕೊನೆಗೆ ಒಂದು ಸ್ಮಶಾನ. ಇದೂ ಪಾಜುವಿನಲ್ಲೇ. ದಕ್ಷಿಣದ ನೆಲದಲ್ಲಿ ಸತ್ತ ಉತ್ತರ ಕೊರಿಯಾ ಮತ್ತು ಚೀನಾ ಸೈನಿಕರಿಗಾಗಿ ದಕ್ಷಿಣದವರೇ 1996ರಲ್ಲಿ ಮಾಡಿದ್ದು. ಹೆಚ್ಚಿನ ಕಲ್ಲುಗಳ ಮೇಲೆ ‘ಹೆಸರು ತಿಳಿಯದು’ ಅಂತಷ್ಟೇ ಇದೆ. ಕೊರಿಯನ್ನರು ಸಮಾಧಿಗೆ ದಕ್ಷಿಣ ದಿಕ್ಕನ್ನು ಒಳ್ಳೆಯದು ಅನ್ನುತ್ತಾರೆ. ಇಲ್ಲಿ ಮಾತ್ರ ಸಮಾಧಿಗಳನ್ನು ಉತ್ತರಕ್ಕೆ ಮುಖ ಮಾಡಿಸಿದ್ದಾರೆ, ಅವರ ಮನೆ ಇರುವ ಕಡೆಗೆ.

2014ರಿಂದ ಚೀನಾ ತನ್ನವರ ಮೂಳೆಗಳನ್ನು ವಿಮಾನದಲ್ಲಿ ಕರೆಸಿಕೊಳ್ಳುತ್ತಿದೆ. ಉತ್ತರ ಕೊರಿಯಾದ ಹುಡುಗರು ಅಲ್ಲೇ ಇದ್ದಾರೆ. ಗಡಿ ಅಲ್ಲಿಂದ ಕೆಲವೇ ಕಿಲೋಮೀಟರ್.