ಪಿಎಚ್‌.ಡಿ ಗೈಡ್ ಹುಡುಕುತ್ತಿದ್ದೀರಾ? ಪೇಪರ್‌ಗಳಲ್ಲಿ ಮೊದಲ ಹೆಸರು ಯಾರದು ನೋಡಿ

ನಮಸ್ಕಾರ್ರಿ. ಕಡಗಂಚಿಯ ಕೇಂದ್ರೀಯ ವಿವಿಯಲ್ಲಿ ಸೈಕಾಲಜಿ ಓದುವವರು, ಗುಲಬರ್ಗಾ ವಿವಿಯಲ್ಲಿ ಜುವಾಲಜಿ, ಬಯೋಟೆಕ್ ಮುಗಿಸಿದವರು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ. ನೆನಪು, ಗಮನ, ಮಾತು ಇವೆಲ್ಲ ಮಿದುಳಿನಲ್ಲಿ ಹೇಗೆ ನಡೆಯುತ್ತವೆ ಎಂದು ಹುಡುಕುವ ಕಾಗ್ನಿಟಿವ್ ನ್ಯೂರೋಸೈನ್ಸ್‌ನಲ್ಲಿ ಪಿಎಚ್‌.ಡಿ ಮಾಡಬೇಕು, ಯಾರ ಹತ್ತಿರ ಹೋಗಲಿ? ಅಷ್ಟೊತ್ತಿಗೆ ಮೊಬೈಲ್‌ನಲ್ಲಿ ಸಂಶೋಧಕರು ಬರೆದ ಲೇಖನಗಳನ್ನು, ಅಂದರೆ ಪೇಪರ್‌ಗಳನ್ನು, ಪಟ್ಟಿ ಮಾಡಿ ತೋರಿಸುವ ಗೂಗಲ್ ಸ್ಕಾಲರ್ ಪುಟ ತೆಗೆದಿರುತ್ತಾರೆ. "ಇವರ ಎಚ್-ಇಂಡೆಕ್ಸ್ 40, ಅವರದು 12. ಇವರೇ ಬೆಸ್ಟ್ ಅಲ್ವಾ?"

ಆ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ. ನಿಮ್ಮ ಐದಾರು ವರ್ಷದ ಪ್ರಶ್ನೆ ಇದು.

(ಸ್ಕ್ರೀನ್ ಮೇಲೆ: 50, 18, 7, 5, 3, 1)

ಒಬ್ಬರು ಆರು ಪೇಪರ್ ಬರೆದಿದ್ದಾರೆ ಅಂದುಕೊಳ್ಳಿ. ಬೇರೆಯವರು ತಮ್ಮ ಪೇಪರ್‌ನಲ್ಲಿ ಅವುಗಳಲ್ಲಿ ಒಂದನ್ನು ಹೆಸರಿಸಿದರೆ ಅದಕ್ಕೆ ಒಂದು ಸೈಟೇಶನ್. ಆರು ಪೇಪರ್‌ಗೂ ಬಂದ ಸೈಟೇಶನ್‌ಗಳೇ ಸ್ಕ್ರೀನ್ ಮೇಲಿನ ಸಂಖ್ಯೆಗಳು. ಎಚ್-ಇಂಡೆಕ್ಸ್ ಲೆಕ್ಕಕ್ಕೆ ಸೈಟೇಶನ್ ಜಾಸ್ತಿ ಇರುವ ಪೇಪರ್‌ನಿಂದ ಶುರುಮಾಡಿ ಎಣಿಸುತ್ತಾ ಬನ್ನಿ. ಎಷ್ಟನೇ ಪೇಪರ್ ಆಗಿದೆಯೋ ಅದಕ್ಕೆ ಕನಿಷ್ಠ ಅಷ್ಟು ಸೈಟೇಶನ್ ಇರಬೇಕು. ನಾಲ್ಕನೇ ಪೇಪರ್‌ಗೆ 5 ಸೈಟೇಶನ್ ಇದೆ, ಸರಿ. ಐದನೆಯದಕ್ಕೆ ಕನಿಷ್ಠ 5 ಬೇಕಿತ್ತು, ಇರುವುದು 3. ಅಲ್ಲಿಗೆ ನಿಲ್ಲಿಸಿ. ಎಚ್-ಇಂಡೆಕ್ಸ್ 4. ಅಮೆರಿಕದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಈ ಲೆಕ್ಕ ಕೊಟ್ಟರು. ಮೊದಲ ಪೇಪರ್‌ಗೆ 50ರ ಬದಲು 5000 ಬಂದರೂ ಇದು 4 ಆಗಿಯೇ ಇರುತ್ತದೆ. ಸರ್ವಿಸ್ ಜಾಸ್ತಿ ಆದಂತೆ ಏರುತ್ತದೆ, ಇಳಿಯುವ ಮಾತಿಲ್ಲ. ಹಾಗಾಗಿ ಮೂವತ್ತು ವರ್ಷ ಲ್ಯಾಬ್ ನಡೆಸಿದವರನ್ನೂ ಮೊನ್ನೆ ಮೊನ್ನೆ ಸೇರಿದವರನ್ನೂ ಇದರಲ್ಲಿ ಹೋಲಿಸುವುದು ಅನ್ಯಾಯ.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಪಟ್ಟಿಯಲ್ಲಿ ಒಂದೊಂದು ಪೇಪರ್ ಕೆಳಗೂ ಸಣ್ಣ ಅಕ್ಷರದಲ್ಲಿ ಹೆಸರುಗಳಿರುತ್ತವೆ, ಅವನ್ನು ಓದಿ. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಪ್ರಯೋಗ ಮಾಡಿ, ಕೂತು ಬರೆದವರ ಹೆಸರು ಮೊದಲು ಬರುತ್ತದೆ. ಲ್ಯಾಬಿನ ಮುಖ್ಯಸ್ಥರದು ಕೊನೆಗೆ. ಗೈಡ್ ಕೊನೆಯಲ್ಲಿದ್ದು, ಮೊದಲ ಹೆಸರು ಬೇರೆ ಬೇರೆ ವಿದ್ಯಾರ್ಥಿಗಳದಾಗಿದ್ದರೆ ಆ ಲ್ಯಾಬ್‌ನಲ್ಲಿ ಹುಡುಗ ಹುಡುಗಿಯರಿಗೆ ಅವರ ಕೆಲಸದ ಹೆಸರು ಸಿಗುತ್ತಿದೆ ಎಂದು ಅರ್ಥ. ವರ್ಷಗಟ್ಟಲೆ ವಿದ್ಯಾರ್ಥಿಗಳಿದ್ದೂ ಎಲ್ಲ ಪೇಪರ್‌ನಲ್ಲೂ ಗೈಡ್ ಹೆಸರೇ ಮೊದಲಿದ್ದರೆ, ಅಲ್ಲಿ ಓದಿ ಹೊರಬಂದವರಿಗೆ ಒಂದು ಫೋನ್ ಮಾಡಿ ಕೇಳಿ. ಆ ಮೊದಲ ಹೆಸರುಗಳನ್ನೇ ಸರ್ಚ್ ಮಾಡಿ, ಈಗ ಅವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಅಂತಲೂ ನೋಡಿ. ನನ್ನ ಪ್ರಕಾರ ಎಚ್-ಇಂಡೆಕ್ಸ್‌ಗಿಂತ ಇದು ಹತ್ತು ಪಟ್ಟು ಮುಖ್ಯ.

ಹಾಗಂತ ಮೊದಲ ಹೆಸರಷ್ಟೇ ಎಣಿಸಿದರೂ ತಪ್ಪಾಗುತ್ತದೆ. 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಮೂರ್ಛೆ ರೋಗ ನಿಲ್ಲಿಸಲು ಮಿದುಳಿನ ಆಪರೇಷನ್ ಆಯಿತು. ಮಿದುಳಿನ ಒಳಗಿರುವ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಎರಡೂ ಕಡೆ ಸಾಕಷ್ಟು ತೆಗೆದರು. ಆಮೇಲೆ ನಡೆದ ಹೊಸ ಘಟನೆಗಳು ಅವನ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಈ ಬಗ್ಗೆ 1957ರಲ್ಲಿ ಬಂದ ಪೇಪರ್ ಸಾವಿರಾರು ಸಲ ಸೈಟ್ ಆಗಿದೆ, ನೆನಪಿನ ವಿಜ್ಞಾನವೇ ಅದರಿಂದ ದಿಕ್ಕು ಬದಲಿಸಿತು. ಅದರಲ್ಲಿ ಮೊದಲ ಹೆಸರು ಆಪರೇಷನ್ ಮಾಡಿದ ವಿಲಿಯಂ ಸ್ಕೋವಿಲ್ ಅವರದು. ನೆನಪಿನ ಪರೀಕ್ಷೆಗಳನ್ನು ನಡೆಸಿದ ಬ್ರೆಂಡಾ ಮಿಲ್ನರ್ ಎರಡನೆಯವರು. ಇಷ್ಟು ದೊಡ್ಡ ಕೆಲಸ ಎರಡನೇ ಹೆಸರಿನಲ್ಲೂ ಇರುತ್ತದೆ, ಅದಕ್ಕೇ ಪೇಪರ್ ತೆರೆದು ಯಾರು ಏನು ಮಾಡಿದರು ಎಂದು ಓದಬೇಕು. ಈಗಿನ ಎಷ್ಟೋ ಜರ್ನಲ್‌ಗಳು ಕೊನೆಯಲ್ಲಿ ಅದನ್ನು ಬರೆದೇ ಕೊಡುತ್ತವೆ.

ಜರ್ನಲ್ ಹೆಸರಿಗೂ ಮರುಳಾಗಬೇಡಿ. ಕ್ರೇಗ್ ಬೆನೆಟ್ ಮತ್ತು ಅವರ ಜೊತೆಗಾರರು ಸತ್ತ ಸಾಲ್ಮನ್ ಮೀನನ್ನು ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನರ್‌ನಲ್ಲಿ ಇಟ್ಟು, ಅದಕ್ಕೆ ಮನುಷ್ಯರ ಫೋಟೊ ತೋರಿಸಿದರು. ಮಿದುಳಿನ ಸಾವಿರಾರು ಜಾಗಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಲೆಕ್ಕದಲ್ಲಿ ಮಾಡಬೇಕಾದ ತಿದ್ದುಪಡಿಯನ್ನು ಮಾಡದಿದ್ದರೆ ಆ ಮೀನಿನ ಮಿದುಳು ಕೆಲಸ ಮಾಡುತ್ತಿದೆ ಎಂದೇ ಚಿತ್ರ ಬರುತ್ತದೆ! ಅದು ಪ್ರಕಟವಾಗಿದ್ದು ಹೆಚ್ಚಿನವರು ಕೇಳಿರದ ಜರ್ನಲ್‌ನಲ್ಲಿ, ಆದರೂ ಮಿದುಳಿನ ಸ್ಕ್ಯಾನ್ ಮಾಡುವವರೆಲ್ಲ ಅದರ ಮಾತಾಡಿದರು. ಇನ್ನು ಕೆಲವು ಪೇಪರ್‌ಗಳಿಗೆ ಸೈಟೇಶನ್ ಬರುವುದೇ "ಇದು ತಪ್ಪು" ಎಂದು ತೋರಿಸಲಿಕ್ಕೆ. ಹಾಗಾಗಿ ಸೈಟೇಶನ್ ಸಂಖ್ಯೆ ಮೇಲೆ ಒತ್ತಿ, ಎರಡು ಮೂರು ಪೇಪರ್ ತೆಗೆದು, ಯಾಕೆ ಹೆಸರಿಸಿದ್ದಾರೆ ನೋಡಿ. ಅವರೇ ತಮ್ಮನ್ನು ಹೆಸರಿಸಿಕೊಂಡಿದ್ದು ಎಷ್ಟು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ನಮ್ಮ ಕಡೆಯವರ ಪುಟ ನೋಡುವಾಗ ಇನ್ನೊಂದು ಎಚ್ಚರ. ಎಸ್. ಪಾಟೀಲ ಅಂದರೆ ಕಲಬುರಗಿ, ಬೀದರ್‌ನಲ್ಲೇ ಎಷ್ಟು ಜನ! ಸ್ಕಾಲರ್ ತಾನಾಗಿ ಪೇಪರ್ ಸೇರಿಸುವಾಗ ಹೆಸರು ಕಲೆಸಿಬಿಡುತ್ತದೆ. ಮಿದುಳಿನ ಪೇಪರ್ ಕೆಳಗೆ ಸಿಮೆಂಟ್ ಕಾಂಕ್ರೀಟ್ ಪೇಪರ್ ಕಂಡರೆ ಒಟ್ಟು ಸಂಖ್ಯೆಯನ್ನು ನಂಬಬೇಡಿ. ಒಬ್ಬೊಬ್ಬ ಸಂಶೋಧಕರಿಗೆ 16 ಅಂಕಿಯ ಆರ್ಕಿಡ್ (ORCID) ಎಂಬ ಗುರುತಿನ ನಂಬರ್ ಇರುವುದು ಇದೇ ಕಾರಣಕ್ಕೆ. ಅದು ಉಚಿತ, ನಿಮ್ಮ ಮೊದಲ ಪೇಪರ್‌ಗಿಂತ ಮುಂಚೆಯೇ ನೀವೂ ಮಾಡಿಸಿಕೊಳ್ಳಿ.

ಇಷ್ಟಾದ ಮೇಲೆ ಗೈಡ್‌ಗೆ ಮೇಲ್ ಬರೆಯಿರಿ. "ಸರ್, ನಿಮ್ಮ ಎಲ್ಲ ಕೆಲಸ ಇಷ್ಟವಾಯಿತು" ಎಂದು ಸುಮ್ನೆ ಬರೆಯಬೇಡಿ. ಅವರ ಲ್ಯಾಬಿನ ಒಂದು ಪೇಪರ್ ಪೂರ್ತಿ ಓದಿ, ಎಷ್ಟು ಜನರನ್ನು ಸ್ಕ್ಯಾನ್ ಮಾಡಿದ್ದರು, ಅಷ್ಟೇ ಜನ ಯಾಕೆ ಸಾಕಾಯಿತು ಎಂದು ಕೇಳಿ. ಅದನ್ನು ಬರೆದ ಮೊದಲ ಹೆಸರಿನ ವಿದ್ಯಾರ್ಥಿಗೂ ಒಂದು ಮೇಲ್ ಹಾಕಿ.