‘ಐ’ ಎಲ್ಲಿ, ‘ಮಿ’ ಎಲ್ಲಿ?

ಕೇಳುಗರಿಗೆ ನಮಸ್ಕಾರ. ಇಂಗ್ಲಿಷಿನ ಸರ್ವನಾಮ ಕರ್ತೃವಾಗಿ ಬಂದಾಗ ಒಂದು ರೂಪ, ಕರ್ಮವಾಗಿ ಬಂದಾಗ ಇನ್ನೊಂದು: ಐ–ಮಿ, ಹಿ–ಹಿಮ್, ಶಿ–ಹರ್, ವಿ–ಅಸ್, ದೇ–ದೆಮ್. ‘ಯು’ ಮತ್ತು ‘ಇಟ್’ ಬದಲಾಗುವುದಿಲ್ಲ, ಅವುಗಳ ಚಿಂತೆ ಬೇಡ.

ಈ 5 ಜೋಡಿ ಬಾಯಿಪಾಠ ಮಾಡುವುದು ಕಷ್ಟವಲ್ಲ. ಎಡವುವುದು ಕನ್ನಡದ ವಿಭಕ್ತಿಯನ್ನೇ ನೆಚ್ಚಿಕೊಂಡಾಗ. ‘ನನಗೆ ಪುಸ್ತಕ ಕೊಟ್ಟಳು’ ಅನ್ನಲು ‘ಶಿ ಗೇವ್ ಮಿ ಎ ಬುಕ್’ ಸರಿ. ಆದರೆ ‘ನನಗೆ’ ಎಂದಲ್ಲೆಲ್ಲ ‘ಮಿ’ ಹಾಕಿದರೆ ಕೆಟ್ಟಿತು. ನನಗೆ ಹಸಿವಾಗಿದೆ: ‘ಐ ಆಮ್ ಹಂಗ್ರಿ’. ಅವನಿಗೆ ಗೊತ್ತು: ‘ಹಿ ನೋಸ್’. ಅವರಿಗೆ ಈಜು ಬರುತ್ತದೆ: ‘ದೇ ಕ್ಯಾನ್ ಸ್ವಿಮ್’. ಬೇಕು, ಗೊತ್ತು, ಬರುತ್ತದೆ, ಹಸಿವು, ಜ್ವರ ಇವೆಲ್ಲ ಕನ್ನಡದಲ್ಲಿ ಚತುರ್ಥಿಯನ್ನು ಬೇಡುತ್ತವೆ. ಇಂಗ್ಲಿಷಿನಲ್ಲಿ ಆ ವ್ಯಕ್ತಿಯೇ ಕರ್ತೃ. ಹಾಗಾಗಿ ‘ಗೆ’ ಪ್ರತ್ಯಯವನ್ನು ನೋಡಬೇಡಿ, ಇಂಗ್ಲಿಷ್ ವಾಕ್ಯದ ಕ್ರಿಯಾಪದ ಯಾರದೆಂದು ನೋಡಿ.

ಇಬ್ಬರನ್ನು ‘ಆಂಡ್’ ಸೇರಿಸಿದಾಗ ಇನ್ನೊಂದು ತೊಡಕು. ‘ರವಿ ಆಂಡ್ ಮಿ ವೆಂಟ್’ ಶಿಷ್ಟ ಬರಹದಲ್ಲಿ ತಪ್ಪು. ರವಿಯನ್ನು ತೆಗೆದು ಓದಿ: ‘ಮಿ ವೆಂಟ್’ ಕಿವಿಗೇ ಒಗ್ಗದು, ‘ಐ’ ಬೇಕು. ಇದನ್ನು ಕಲಿತವರು ಅತಿ ಎಚ್ಚರದಲ್ಲಿ ‘ಹಿ ಕಾಲ್ಡ್ ರವಿ ಆಂಡ್ ಐ’ ಎಂದುಬಿಡುತ್ತಾರೆ. ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ಜಾರುತ್ತಾರೆನ್ನಿ! ಮತ್ತೆ ರವಿಯನ್ನು ತೆಗೆಯಿರಿ: ‘ಹಿ ಕಾಲ್ಡ್ ಮಿ’.

‘ಬಿಟ್ವೀನ್’ ಮುಂದೆ ಮಾತ್ರ ಈ ಪರೀಕ್ಷೆ ನಡೆಯದು, ಒಬ್ಬರ ನಡುವೆ ಎನ್ನುವುದೇ ಇಲ್ಲವಲ್ಲ. ಆಗ ಇಬ್ಬರ ಬದಲು ‘ವಿ’ ಅಥವಾ ‘ಅಸ್’ ಇಟ್ಟು ನೋಡಿ. ‘ಬಿಟ್ವೀನ್ ಅಸ್’ ಕೂರುತ್ತದೆ. ಹಾಗಾದರೆ ‘ಬಿಟ್ವೀನ್ ಯು ಆಂಡ್ ಮಿ’. ಟು, ಫಾರ್, ವಿತ್, ಫ್ರಮ್ ಮುಂತಾದ ಎಲ್ಲ ಪ್ರಿಪೊಸಿಷನ್‌ಗಳ ಮುಂದೆಯೂ ಕರ್ಮರೂಪವೇ. ‘ಲೆಟ್’ ಕ್ರಿಯಾಪದವಾದರೂ ಅಷ್ಟೇ: ‘ಲೆಟ್ ಹಿಮ್ ಗೋ’.

‘ಹೂ ಈಸ್ ಇಟ್?’ ಎಂದರೆ ‘ಇಟ್ಸ್ ಮಿ’ ಅನ್ನಿ. ‘ಇಟ್ ಈಸ್ ಐ’ ವ್ಯಾಕರಣದ ಹಳೆಯ ಕಟ್ಟು. ಇಂದಿನ ಮಾತಿನಲ್ಲಿ ಬಿಗುವಾಗಿ ಕೇಳಿಸುತ್ತದೆ.

‘ದ್ಯಾನ್’ ಬಂದಾಗ ಅರ್ಥವೇ ಪಲ್ಟಿಯಾಗಬಹುದು. ‘ಶಿ ಟ್ರಸ್ಟ್ಸ್ ಹಿಮ್ ಮೋರ್ ದ್ಯಾನ್ ಐ’ ಎಂದರೆ ನಾನು ಅವನನ್ನು ನಂಬುವುದಕ್ಕಿಂತ ಅವಳು ಹೆಚ್ಚು ನಂಬುತ್ತಾಳೆ. ಕೊನೆಗೆ ‘ಮಿ’ ಇಟ್ಟರೆ, ನನಗಿಂತ ಅವನ ಮೇಲೆಯೇ ಅವಳಿಗೆ ಹೆಚ್ಚು ನಂಬಿಕೆ ಎಂದಾಗಬಹುದು. ಮೊದಲನೆಯ ಅರ್ಥವೇ ಬೇಕಿದ್ದರೆ ‘ದ್ಯಾನ್ ಐ ಡು’ ಎಂದು ಕ್ರಿಯಾಪದ ಸೇರಿಸಿಬಿಡಿ.